ಹಚ್ಚೆ ಅಜ್ಜಿ ಕಲಿಸದೆ ಹೋದ ವಿದ್ಯೆ

ತಿಂಗಳ ಮೊದಲ ವಾರ ಮಧುಗಿರಿಯ ಬ್ಯಾಂಕುಗಳ ಮುಂದೆ ಪಿಂಚಣಿಗೆಂದು ಬಂದ ಅಜ್ಜಿಯರು ಬೆಳಗಿನಿಂದಲೇ ಕೂತಿರುತ್ತಾರೆ. ಸೆರಗಿನ ಗಂಟು ಬಿಚ್ಚಿ ಪಾಸ್‌ಬುಕ್ಕು ತೆಗೆದು, ಹೆಬ್ಬೆಟ್ಟು ಒತ್ತಲು ಕೈ ಚಾಚುವಾಗ ಮುಂಗೈ ತುಂಬ ಹಚ್ಚೆ ಕಾಣುತ್ತದೆ. ಚೇಳು, ತೊಟ್ಟಿಲು, ತುಳಸಿಕಟ್ಟೆ, ಹೂಬಳ್ಳಿ, ತವರಿನ ಅಣ್ಣನ ಹೆಸರು. ಗಲ್ಲದ ಮೇಲೊಂದು ಚುಕ್ಕಿ, ಹುಬ್ಬುಗಳ ನಡುವೆ ಒಂದು ಗೀಟು. ಚರ್ಮ ಸುಕ್ಕಾಗಿದೆ, ಗೆರೆ ಸ್ವಲ್ಪ ಹರಡಿದೆ, ಆದರೂ ಅಳಿಸಿಲ್ಲ. ಅವರನ್ನು ಕರೆತಂದ ಸೊಸೆಯ ಕೈ ನೋಡಿದರೆ ಜಾತ್ರೆಯ ಮಿಷನ್ನಿನಲ್ಲಿ ಬರೆಸಿಕೊಂಡ ಒಂದೇ ಒಂದು ಹೆಸರಿರುತ್ತದೆ. ಮೊಮ್ಮಗಳ ಕೈಯಲ್ಲಿ ಏನೂ ಇಲ್ಲ.

ಅಜ್ಜಿಯ ಕೈಯ ಹಚ್ಚೆ ಮಾಸಿತು ಎಂದು ದುಃಖಪಡುವವರು ಬಹಳ ಜನ ಇದ್ದಾರೆ. ನನಗೆ ಅದಕ್ಕಿಂತ ಹೆಚ್ಚು ಸಂಕಟವಾಗುವುದು ಆ ಹಚ್ಚೆ ಹಾಕಿದ ಕೈಗಳನ್ನು ನೆನೆದಾಗ. ಆ ಕೈಗಳು ಎಲ್ಲಿ ಕಲಿತವು, ಯಾರ ಪಕ್ಕ ಕೂತು ಕಲಿತವು, ಎಷ್ಟು ಬೈಸಿಕೊಂಡು ಕಲಿತವು ಎಂದು ನಾವು ಯಾರೂ ಕೇಳಲಿಲ್ಲ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕು ಸೇರಿಸಿ ಸರ್ಕಾರ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎಂದು ಮಾಡಿದೆ. ಇದೇ ನೆಲದಲ್ಲಿ ಬೋರ್ಡಿಲ್ಲದ, ಹಾಜರಿ ಪುಸ್ತಕವಿಲ್ಲದ ಇನ್ನೊಂದು ಶಾಲೆ ತಲೆಮಾರುಗಳ ಕಾಲ ಊರಿಂದೂರಿಗೆ ನಡೆದುಕೊಂಡೇ ಹೋಗುತ್ತಿತ್ತು. ಅದು ಯಾವಾಗ ಮುಚ್ಚಿತೆಂದು ಯಾವ ಇಲಾಖೆಯ ಕಡತದಲ್ಲೂ ಇಲ್ಲ.

ಹಚ್ಚೆ ಹಾಕುತ್ತಿದ್ದವರು ಕೊರಮ, ಕೊರಚ ಹೆಣ್ಣುಮಕ್ಕಳು. ಗಂಡಸರು ಬಿದಿರು ಸೀಳಿ ಮೊರ, ಪುಟ್ಟಿ, ಕುಕ್ಕೆ ಹೆಣೆದರೆ ಹೆಂಗಸರು ಅದನ್ನು ತಲೆ ಮೇಲೆ ಹೊತ್ತು ಮಾರುತ್ತ, ಕಣಿ ಹೇಳುತ್ತ, ಹಚ್ಚೆ ಹಾಕುತ್ತ ಬರುತ್ತಿದ್ದರು. ತೆಲುಗು ಮಾತೇ ಹೆಚ್ಚಾಗಿ ಕೇಳುವ ಪಾವಗಡದ ಕಡೆ ಅವರನ್ನು ಎರುಕಲರು ಅನ್ನುತ್ತಾರೆ, ಹಚ್ಚೆಯನ್ನು ಪಚ್ಚಬೊಟ್ಟು ಅನ್ನುತ್ತಾರೆ. ಗಡಿಯಾಚೆಯ ಮಡಕಶಿರಾ, ಪೆನುಕೊಂಡ ಕಡೆಯಿಂದ ಸೊಸೆಯಾಗಿ ಬಂದ ಅಜ್ಜಿಯರ ಕೈಯಲ್ಲಿ ಈಗಲೂ ತೆಲುಗು ಅಕ್ಷರ ಕಾಣುತ್ತದೆ.

ಸುಗ್ಗಿ ಮುಗಿದು ಕಣದಲ್ಲಿ ರಾಗಿ ರಾಶಿ ಬಿದ್ದಾಗ, ಕಡಲೆಕಾಯಿ ಕಿತ್ತು ಮನೆ ಸೇರಿದಾಗ ಅವರು ಬರುವ ಕಾಲ. ಕೈಯಲ್ಲಿ ಕಾಸಿಲ್ಲದಿದ್ದರೂ ಕಣದಲ್ಲಿ ಕಾಳಿರುವ ದಿನಗಳು ಅವು. ಪುಷ್ಯದಲ್ಲಿ ನಾಗಲಮಡಿಕೆಯ ಸುಬ್ರಹ್ಮಣ್ಯನ ಜಾತ್ರೆ, ರಥಸಪ್ತಮಿಗೆ ಕ್ಯಾಮೇನಹಳ್ಳಿಯ ದನಗಳ ಜಾತ್ರೆ, ಆಮೇಲೆ ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆ. ಜಾತ್ರೆಗಳ ನಡುವಿನ ದಿನಗಳಲ್ಲಿ ಹಳ್ಳಿ, ಹಟ್ಟಿ, ಕಾಲೋನಿ. "ಹಚ್ಚೆ ಹಾಕುಸ್ಕಳ್ರವ್ವೋ ಹಚ್ಚೇ" ಅನ್ನುವ ಕೂಗು ಬೀದಿ ತುದಿಯಲ್ಲಿ ಕೇಳಿದರೆ ಸಾಕು, ಮದುವೆಗೆ ಬಂದ ಹುಡುಗಿಯರು ಹಿತ್ತಲಿಗೆ ಓಡುತ್ತಿದ್ದರು, ಅವರ ಅವ್ವಂದಿರು ಅಂಗಳಕ್ಕೆ ನೀರು ಚಿಮುಕಿಸಿ ಚಾಪೆ ಹಾಸುತ್ತಿದ್ದರು.

ನಮ್ಮೂರಿಗೆ ಬರುತ್ತಿದ್ದವಳನ್ನು ನಾವೆಲ್ಲ ಹಚ್ಚೆ ಅಜ್ಜಿ ಎಂದೇ ಕರೆಯುತ್ತಿದ್ದೆವು. ಎಂದೂ ಒಬ್ಬಳೇ ಬಂದವಳಲ್ಲ. ಜೊತೆಗೆ ಲಂಗ ಉಟ್ಟ ಒಬ್ಬ ಹುಡುಗಿ ಇರುತ್ತಿದ್ದಳು, ಮಗಳ ಮಗಳೋ ತಂಗಿಯ ಮಗಳೋ. ಆ ಹುಡುಗಿಯ ಕೈಗೆ ಸೂಜಿ ಸಿಗಲು ವರ್ಷಗಳೇ ಬೇಕಾಗಿದ್ದವು. ಮೊದಲು ಅವಳ ಕೆಲಸವೆಲ್ಲ ಸೊಪ್ಪು ತರುವುದು. ಹಚ್ಚೆಯ ಮಸಿಗೆ ಗರುಗದ ಸೊಪ್ಪಿನ ರಸ ಬೇಕು. ನೆಲದಲ್ಲಿ ತೇವ ಇದ್ದಲ್ಲಿ ಮಾತ್ರ ಬೆಳೆಯುವ ಗಿಡ ಅದು. ನಮ್ಮ ಬಯಲುಸೀಮೆಯಲ್ಲಿ ಬೇಸಿಗೆ ಹೊತ್ತಿಗೆ ಕೆರೆಯ ತೂಬಿನ ಕೆಳಗೆ, ಬಾವಿಯ ಬಚ್ಚಲ ಕಾಲುವೆಯ ಅಂಚಿನಲ್ಲಿ ಹುಡುಕಬೇಕು. ಯಾವ ಊರಲ್ಲಿ ಯಾವ ಬಾವಿ ಬತ್ತಿಲ್ಲ ಎಂಬುದು ಅವಳಿಗೆ ಬಾಯಿಪಾಠವಾಗುತ್ತಿತ್ತು.

ಆಮೇಲೆ ಕಪ್ಪು ಹಿಡಿಯುವುದು. ಹರಳೆಣ್ಣೆ ದೀಪ ಹಚ್ಚಿ, ಅದರ ಮೇಲೆ ಹೊಸ ಕುಡಿಕೆ ಬೋರಲು ಹಾಕಿ, ಗಾಳಿಗೆ ಸಂದು ಬಿಟ್ಟು ಕಾಯಬೇಕು. ಒಳಮೈಗೆ ಹತ್ತಿದ ಕಪ್ಪನ್ನು ಕೆರೆದು, ತೆಳುವಾದ ಬಟ್ಟೆಯಲ್ಲಿ ಸೋಸಿ, ಕರಟದಲ್ಲಿ ಹಾಕಿ ಸೊಪ್ಪಿನ ರಸದಲ್ಲಿ ಅರೆಯಬೇಕು. ಕಪ್ಪು ತರಿಯಾಗಿ ಉಳಿದರೆ ಹಚ್ಚೆ ಗಂಟು ಗಂಟಾಗುತ್ತದೆ, ರಸ ಹೆಚ್ಚಾದರೆ ತಿಳಿಯಾಗಿ ಹರಿದುಹೋಗುತ್ತದೆ. ಅಜ್ಜಿ ಒಂದು ಹನಿಯನ್ನು ಹೆಬ್ಬೆರಳ ಉಗುರಿನ ಮೇಲೆ ಬಿಟ್ಟು ನೋಡುತ್ತಿದ್ದಳು. ಹನಿ ನಿಂತರೆ ತಲೆ ಆಡಿಸುತ್ತಿದ್ದಳು, ಜಾರಿದರೆ ಕರಟವನ್ನು ಮಾತಿಲ್ಲದೆ ಹುಡುಗಿಯ ಕಡೆ ತಳ್ಳುತ್ತಿದ್ದಳು. ಮತ್ತೆ ಅರೆಯಬೇಕು.

ಮಸಿ ಮಾಡುವ ಬಗೆ ಕುಲದಿಂದ ಕುಲಕ್ಕೆ, ಸೀಮೆಯಿಂದ ಸೀಮೆಗೆ ಬೇರೆಯಾಗುತ್ತಿತ್ತು. ಮದ್ರಾಸಿನ ಸರ್ಕಾರಿ ಮ್ಯೂಸಿಯಮ್ಮಿನ ಮುಖ್ಯಸ್ಥನಾಗಿದ್ದ ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಬಗ್ಗೆ 1909ರಲ್ಲಿ ಏಳು ಸಂಪುಟ ಹೊರತಂದ. ಕೊರವ ಹೆಂಗಸರ ಹಚ್ಚೆಯ ಮಸಿಯನ್ನೂ ಅವನು ಬರೆದಿಟ್ಟಿದ್ದಾನೆ. ಅರಿಸಿನಪುಡಿ ಮತ್ತು ಅಗಸೆ ಎಲೆಯನ್ನು ಅರೆದು ಬಟ್ಟೆಗೆ ಬಳಿದು, ಆ ಬಟ್ಟೆಯನ್ನು ಬತ್ತಿ ಹೊಸೆದು, ಹರಳೆಣ್ಣೆಯಲ್ಲಿ ಉರಿಸಿ, ಹೊಸ ಮಡಕೆಗೆ ಹತ್ತಿದ ಕಪ್ಪನ್ನು ನೀರಿನಲ್ಲೋ ಎದೆಹಾಲಿನಲ್ಲೋ ಕಲಸುತ್ತಿದ್ದರಂತೆ. ಇಂಥ ಪುಸ್ತಕಗಳಿಂದ ಮಸಿಯನ್ನು ಇವತ್ತೂ ಮಾಡಿಕೊಳ್ಳಬಹುದು. ಕೈಯನ್ನು ಪಳಗಿಸಿಕೊಳ್ಳಲು ಆಗುವುದಿಲ್ಲ.

ಮಸಿ ಬಂತು ಅಂದಮೇಲೆ ಹುಡುಗಿಗೆ ಚರ್ಮ ಹಿಡಿಯುವ ಕೆಲಸ. ಹಚ್ಚೆ ಹಾಕಿಸಿಕೊಳ್ಳುವವಳ ಮುಂಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಎರಡು ಹೆಬ್ಬೆರಳಿಂದ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿಯಬೇಕು. ಸಡಿಲವಾದರೆ ಗೆರೆ ಸೊಟ್ಟಗಾಗುತ್ತದೆ. ಸೂಜಿ ಮುಂದೆ ಹೋದಂತೆಲ್ಲ ಹೆಬ್ಬೆರಳೂ ಮುಂದೆ ಸರಿಯಬೇಕು, ಆದರೆ ಹಿಡಿತ ಬಿಡಬಾರದು. ನೋವಿಗೆ ಕೈ ಕಿತ್ತುಕೊಳ್ಳುವ ಹುಡುಗಿಯನ್ನು ಗದರಿಸದೆ ಹಿಡಿಯುವುದೂ ಕಲಿಕೆಯೇ. "ಅಳಬ್ಯಾಡ ಕಣವ್ವ, ಮುಗೀತು, ಇನ್ನೊಂದು ಎಸಳು" ಎಂದು ಅಜ್ಜಿ ಅನ್ನುತ್ತಿದ್ದಳು. ಒಂದು ಎಸಳು ಎಂದವಳು ಇಡೀ ಹೂ ಮುಗಿಸುತ್ತಿದ್ದಳು.

ನೋವು ಮರೆಸಲು ಹಾಡು ಇತ್ತು. ಆ ಹಾಡುಗಳಲ್ಲಿ ತವರುಮನೆ, ಅಣ್ಣ ತಂದ ಬಳೆ, ಗಂಡನ ಮನೆಯ ದಾರಿ ಎಲ್ಲ ಬರುತ್ತಿತ್ತು. ಹಾಡನ್ನು ಮನರಂಜನೆ ಎಂದುಕೊಂಡವರಿಗೆ ಅದರ ಇನ್ನೊಂದು ಕೆಲಸ ಗೊತ್ತಾಗಲಿಲ್ಲ. ಸೂಜಿ ಹಾಡಿನ ಲಯಕ್ಕೆ ಬೀಳುತ್ತಿತ್ತು. ಲಯ ಒಂದೇ ಸಮ ಇದ್ದರೆ ಚುಚ್ಚಿನ ಆಳವೂ ಒಂದೇ ಸಮ. ಹಾಗಾಗಿ ಹುಡುಗಿ ಸೂಜಿಗಿಂತ ಮುಂಚೆ ಹಾಡು ಕಲಿಯುತ್ತಿದ್ದಳು. ಅಜ್ಜಿಯ ಹಾಡಿಗೆ ದನಿಗೂಡಿಸುತ್ತ ಕೂತ ಎಷ್ಟೋ ಸುಗ್ಗಿಗಳಲ್ಲಿ ಆ ಲಯ ಅವಳ ಭುಜಕ್ಕೆ, ಮಣಿಕಟ್ಟಿಗೆ ಇಳಿದಿರುತ್ತಿತ್ತು.

ಕೊನೆಗೆ ಸೂಜಿ. ಮೂರೋ ನಾಲ್ಕೋ ಸೂಜಿಯನ್ನು ತುದಿ ಸಮ ಮಾಡಿ ದಾರದಿಂದ ಬಿಗಿದು ಕಟ್ಟಬೇಕು. ಒಂದು ಸೂಜಿ ಕೂದಲೆಳೆಯಷ್ಟು ಮುಂದೆ ಬಂದಿದ್ದರೂ ಗಾಯವಾಗುತ್ತದೆ. ಹುಡುಗಿ ಮೊದಲು ಬೂದಿ ಹರಡಿದ ನೆಲದ ಮೇಲೆ ಬೆರಳಲ್ಲಿ ಚೇಳು ಬರೆದಳು, ತೊಟ್ಟಿಲು ಬರೆದಳು. ಆಮೇಲೆ ಚುಚ್ಚಿಕೊಂಡದ್ದು ತನ್ನದೇ ಮೀನಖಂಡದ ಮೇಲೆ. ಅವಳ ಲಂಗ ಮೇಲೆ ಸರಿದಾಗ ಕಾಲ ತುಂಬ ಅಡ್ಡಾದಿಡ್ಡಿ ಚುಕ್ಕಿಗಳು ಕಾಣುತ್ತಿದ್ದವು, ಕೆಲವು ಮಸುಕು, ಕೆಲವು ಹರಡಿದವು, ಪಾದದ ಕಡೆ ಬಂದಂತೆ ಗುಂಡಗೆ, ಒಂದೇ ಸಮ. ತನ್ನ ಮೈಯನ್ನೇ ಹಲಗೆ ಬಳಪ ಮಾಡಿಕೊಂಡು ಕಲಿತವಳು ಅವಳು.

ಆಳದ ಲೆಕ್ಕವೇ ಈ ವಿದ್ಯೆಯ ತಿರುಳು. ಚರ್ಮದ ಮೇಲ್ಪದರ ತಿಂಗಳೊಪ್ಪತ್ತಿನಲ್ಲಿ ಉದುರಿ ಹೊಸದಾಗುತ್ತಲೇ ಇರುತ್ತದೆ. ಮಸಿ ಅಲ್ಲಿಗೇ ನಿಂತರೆ ಹೊಪ್ಪಳೆಯ ಜೊತೆ ಉದುರಿಹೋಗುತ್ತದೆ. ಅದರ ಕೆಳಗಿನ ಪದರಕ್ಕೆ, ಒಂದೆರಡು ಮಿಲಿಮೀಟರ್ ಆಳಕ್ಕೆ ಸೇರಿದರೆ ಜೀವ ಇರುವವರೆಗೂ ಉಳಿಯುತ್ತದೆ. ಇನ್ನೂ ಆಳಕ್ಕೆ ಹೋದರೆ ಒಳಗೇ ಕದಡಿ ಗೆರೆ ಹರಡುತ್ತದೆ. ಇದನ್ನೆಲ್ಲ ಇವತ್ತು ಚರ್ಮರೋಗ ತಜ್ಞರು ಚಿತ್ರ ಬರೆದು ವಿವರಿಸುತ್ತಾರೆ. ಹಚ್ಚೆ ಅಜ್ಜಿ ಅದನ್ನು ಬೆರಳ ತುದಿಯಲ್ಲಿ ಅರಿತಿದ್ದಳು. ಮಣಿಕಟ್ಟಿನ ತೆಳು ಚರ್ಮಕ್ಕೆ ಒಂದು ಒತ್ತು, ಹೊಲದಲ್ಲಿ ದುಡಿದು ಒರಟಾದ ಮುಂಗೈಗೆ ಇನ್ನೊಂದು, ಗಲ್ಲಕ್ಕೆ ಮತ್ತೊಂದು. "ರಕ್ತ ಹನಿದ್ರೆ ನಿನ್ ಕೈ ಜಾಸ್ತಿ ಹೋಯ್ತು ಅಂತ, ಬರೀ ಒಸರಿದ್ರೆ ಸರಿ" ಎಂದು ಹುಡುಗಿಗೆ ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಚುಚ್ಚಿದ ಮೇಲೆ ನೀರಿನಲ್ಲಿ ಒರೆಸಿ ಅರಿಸಿನ, ಎಣ್ಣೆ ಹಚ್ಚುತ್ತಿದ್ದಳು. ಊತ ಇಳಿದು, ಹೊಪ್ಪಳೆ ಬಿದ್ದು, ಕೆಳಗಿನಿಂದ ಬಣ್ಣ ಏಳಲು ಎಂಟು ಹತ್ತು ದಿನ. ಒಳಗೆ ಕೂತಿರುವುದು ಕಪ್ಪು ಮಸಿಯೇ. ಮೇಲಿನ ಚರ್ಮದಲ್ಲಿ ಬೆಳಕು ಚದುರುವುದರಿಂದ ನಮ್ಮ ಕಣ್ಣಿಗೆ ಅದು ಹಸಿರುನೀಲಿಯಾಗಿ ಕಾಣುತ್ತದೆ.

ಕಲಿತವಳಿಗೆ ಪರೀಕ್ಷೆಯೂ ಇತ್ತು. ಹೋದ ಸುಗ್ಗಿಗೆ ಬಂದ ಊರಿಗೇ ಈ ಸುಗ್ಗಿಗೂ ಬರುತ್ತಿದ್ದವರು ಅವರು. ಬಂದೊಡನೆ ಅಜ್ಜಿ ಮೊದಲು ಮಾಡುತ್ತಿದ್ದ ಕೆಲಸ ಹಳೆಯ ಕೈಗಳನ್ನು ನೋಡುವುದು. "ಬಾರವ್ವ, ಕೈ ತೋರ್ಸು" ಎಂದು ಕರೆದು, ಹುಡುಗಿ ಹಾಕಿದ ಗೆರೆ ಎಲ್ಲಿ ಮಸುಕಾಗಿದೆ ಎಂದು ಬೆರಳಿಟ್ಟು ಅವಳಿಗೆ ತೋರಿಸುತ್ತಿದ್ದಳು. ಎಲ್ಲರ ಎದುರಿಗೇ. ಮಸುಕಾದಲ್ಲಿ ಮತ್ತೆ ತುಂಬಿಕೊಡಬೇಕು, ಅದಕ್ಕೆ ಕಾಳೂ ಕೇಳುವಂತಿಲ್ಲ. ತಾನು ಮಾಡಿದ ಕೆಲಸದ ಮುಂದೆ ವರ್ಷ ವರ್ಷ ಬಂದು ನಿಲ್ಲಬೇಕಾದ ಇಂಥ ಕಟ್ಟುನಿಟ್ಟು ಎಷ್ಟು ವಿದ್ಯೆಗಳಲ್ಲಿದೆ?

ಎಲ್ಲಕ್ಕಿಂತ ಕೊನೆಗೆ ಕಲಿಸುತ್ತಿದ್ದದ್ದು ಹೆಸರು ಬರೆಯುವುದನ್ನು. ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಮನೆಯಲ್ಲಿ ಓದು ಬಲ್ಲ ಹುಡುಗನೊಬ್ಬ ಇದ್ದಲಿನಲ್ಲಿ ನೆಲದ ಮೇಲೆ ಹೆಸರು ಬರೆದುಕೊಟ್ಟರೆ ಅದನ್ನು ಚಿತ್ರವೆಂದೇ ನೋಡಿ, ತಲೆಕಟ್ಟು, ಕೊಂಬು, ಒತ್ತು ಒಂದೂ ಬಿಡದೆ ಚರ್ಮಕ್ಕೆ ಇಳಿಸುತ್ತಿದ್ದಳು. ಹುಡುಗ ತಪ್ಪು ಬರೆದರೆ ತಪ್ಪೇ ಉಳಿಯುತ್ತಿತ್ತು. ಗಂಡನ ಹೆಸರನ್ನು ಬಾಯಲ್ಲಿ ಹೇಳದಿದ್ದ ಹೆಂಗಸರು ಅದನ್ನು ಕೈ ಮೇಲೆ ಹೊತ್ತು ಬಾಳಿದರು.

ಹೊಸ ಸೊಸೆಯ ಕೈಯಲ್ಲಿ ಹಚ್ಚೆ ಇಲ್ಲದಿದ್ದರೆ ಆ ಕೈಯ ನೀರು ಕುಡಿಯಲು ಹಿಂದೆಮುಂದೆ ನೋಡುವ ಅತ್ತೆಯರಿದ್ದರು. ಸತ್ತಾಗ ಮೂಗುಬೊಟ್ಟು, ಓಲೆ, ತಾಳಿ ಎಲ್ಲ ಕಳಚಿಕೊಳ್ಳುತ್ತಾರೆ, ಜೊತೆಗೆ ಬರುವುದು ಹಚ್ಚೆಯೊಂದೇ ಎಂಬ ಮಾತು ಪ್ರತಿ ಮನೆಯಲ್ಲೂ ಇತ್ತು. ಬಂಗಾರ ಕಾಣದ ಬಡವರ ಮನೆಯ ಹೆಣ್ಣುಮಗಳಿಗೂ ಯಾರೂ ಕಿತ್ತುಕೊಳ್ಳಲಾಗದ ಒಡವೆಯನ್ನು ಹಚ್ಚೆ ಅಜ್ಜಿ ಮೊರ ರಾಗಿಗೆ, ಒಂದು ಹಳೆ ಸೀರೆಗೆ, ಎಲೆ ಅಡಿಕೆಗೆ ಕೊಟ್ಟು ಹೋಗುತ್ತಿದ್ದಳು.

ಆದರೆ ಅವಳನ್ನು ನಾವು ಎಲ್ಲಿ ಕೂರಿಸಿದೆವು? ಜಗಲಿಯ ಆಚೆಗೆ. ಅವಳು ಮುಟ್ಟಿದ ಕೈಗೆ ಅರಿಸಿನ ಹಚ್ಚಿ ಒಳಗೆ ಕರೆದುಕೊಳ್ಳುತ್ತಿದ್ದ ಮನೆಯವರು ಅವಳನ್ನು ಒಳಗೆ ಕರೆಯುತ್ತಿರಲಿಲ್ಲ. ಕುಡಿಯುವ ನೀರನ್ನು ಎತ್ತಿ ಹುಯ್ಯುತ್ತಿದ್ದರು. ಕೋಳಿ ಕಾಣೆಯಾದರೆ ಮೊದಲು ಅವರ ಗುಡಾರದ ಕಡೆ ಕಣ್ಣು ಹೋಗುತ್ತಿತ್ತು. ಆ ಅನುಮಾನಕ್ಕೆ ಸರ್ಕಾರದ ಮೊಹರೂ ಬಿದ್ದಿತ್ತು. ಬ್ರಿಟಿಷರು 1871ರಲ್ಲಿ ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆ 1911ರಲ್ಲಿ ಮದ್ರಾಸ್ ಪ್ರಾಂತ್ಯಕ್ಕೂ ವಿಸ್ತರಿಸಿತು. ಅಲ್ಲಿ ಕೊರಚರು, ಎರುಕಲರು ಹುಟ್ಟಿನಿಂದಲೇ ಕಳ್ಳರೆಂಬ ಪಟ್ಟಿಗೆ ಸೇರಿದರು. ಆಗ ಪಾವಗಡ ಮೈಸೂರಿನ ನೆಲವಾದರೂ ಸುತ್ತ ಇದ್ದದ್ದು ಮದ್ರಾಸಿಗೆ ಸೇರಿದ ಅನಂತಪುರ. ಹಚ್ಚೆ ಹಾಕುತ್ತ ಒಂದು ಹಳ್ಳಿಯಿಂದ ಇನ್ನೊಂದು ಹಳ್ಳಿಗೆ ಹೋಗುವುದೇ ಅನುಮಾನದ ಕೆಲಸವಾಯಿತು. ಕಾಯ್ದೆ 1952ರಲ್ಲಿ ರದ್ದಾಯಿತು, ಜನರ ಮನಸ್ಸಿನಿಂದ ಅಷ್ಟು ಬೇಗ ಹೋಗಲಿಲ್ಲ.

ಆಮೇಲೆ ಜಾತ್ರೆಗಳಿಗೆ ಮಿಷನ್ನು ಬಂತು. ಎಡಿಸನ್ 1876ರಲ್ಲಿ ಪೇಟೆಂಟ್ ಪಡೆದ ವಿದ್ಯುತ್ ಲೇಖನಿಯ ಜಾಡು ಹಿಡಿದು ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓ'ರೈಲಿ 1891ರಲ್ಲಿ ಹಚ್ಚೆಯ ಯಂತ್ರಕ್ಕೆ ಪೇಟೆಂಟ್ ಪಡೆದಿದ್ದ. ಅದರ ಸಂತತಿಯೇ ಬ್ಯಾಟರಿಗೆ ಸಿಕ್ಕಿಸಿಕೊಂಡು ನಮ್ಮ ಜಾತ್ರೆಯ ಬಳೆ ಅಂಗಡಿಗಳ ಪಕ್ಕ ಗುಂಯ್‌ಗುಟ್ಟತೊಡಗಿತು. ರಟ್ಟಿನ ಮೇಲೆ ಅಂಟಿಸಿದ ಚಿತ್ರ ತೋರಿಸಿ, ಎರಡು ನಿಮಿಷದಲ್ಲಿ ಹೆಸರು ಬರೆದು ಕಾಸು ಎಣಿಸಿಕೊಳ್ಳುವ ಹುಡುಗ ಮುಂದಿನ ವರ್ಷ ಯಾವ ಊರಲ್ಲಿರುತ್ತಾನೋ. ಅವನ ಪಕ್ಕ ಕೂತು ಚರ್ಮ ಹಿಡಿಯುವವರು ಯಾರೂ ಇರಲಿಲ್ಲ, ಹಾಡೂ ಇರಲಿಲ್ಲ.

ಏಡ್ಸ್ ಬಗ್ಗೆ ಗೋಡೆ ಬರಹಗಳು ಬಂದ ಮೇಲೆ ಒಂದೇ ಸೂಜಿ ಊರಿಗೆಲ್ಲ ಎಂಬ ಭಯ ಹುಟ್ಟಿತು. ಅದು ಸುಳ್ಳು ಭಯವೇನಲ್ಲ. ಕಾಮಾಲೆಯ ವೈರಸ್ಸೂ ರಕ್ತದ ಸೂಜಿಯಿಂದ ಹರಡುತ್ತದೆ, ಹಚ್ಚೆ ಹಾಕಿಸಿಕೊಂಡವರಿಂದ ಒಂದು ವರ್ಷ ರಕ್ತದಾನ ಪಡೆಯಬಾರದೆಂಬ ನಿಯಮ ಇರುವುದೂ ಅದಕ್ಕೇ. ಆದರೆ ಹೊಸ ಸೂಜಿ ಬಳಸಿ, ಒಬ್ಬರಿಗೆ ಹಾಕಿದ್ದನ್ನು ಎಸೆದುಬಿಡಿ ಎಂದು ಆ ಅಜ್ಜಿಯರಿಗೆ ಹೇಳಿಕೊಡಬಹುದಿತ್ತು. ಸೂಲಗಿತ್ತಿಯರಿಗೆ ಸರ್ಕಾರ ತರಬೇತಿ ಕೊಟ್ಟು ಕಿಟ್ಟು ಕೊಟ್ಟಿದ್ದನ್ನು ನಮ್ಮ ಹಳ್ಳಿಗಳು ಕಂಡಿವೆ. ಹಚ್ಚೆಯವರಿಗೆ ಅಷ್ಟು ಮಾಡಲು ಯಾರಿಗೂ ತೋಚಲಿಲ್ಲ. ಅತ್ತ ಕಣಗಳೂ ಕಡಿಮೆಯಾದವು. ಪಾವಗಡದ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ ಈಗ ಸೋಲಾರ್ ಫಲಕಗಳಿವೆ. ಮಳೆ ನಂಬಿ ಸೋತ ರೈತರಿಗೆ ಗುತ್ತಿಗೆ ಹಣ ಆಸರೆಯಾಯಿತು, ಸುಗ್ಗಿಯ ಬೆನ್ನಿಗೆ ಬರುತ್ತಿದ್ದವರಿಗೆ ಬರಲು ಸುಗ್ಗಿಯೇ ಉಳಿಯಲಿಲ್ಲ.

ಇಷ್ಟೆಲ್ಲ ಕಾರಣ ಸೇರಿಯೂ ವಿದ್ಯೆಯನ್ನು ಪೂರ್ತಿ ಕೊಂದವು ಎಂದು ನಾನು ಹೇಳುವುದಿಲ್ಲ. ಹಚ್ಚೆ ಅಜ್ಜಿಯ ವಂಶದ ಹೆಣ್ಣುಮಗಳೊಬ್ಬಳು ಈಗ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ನಸುಕಿನಲ್ಲೇ ಬಸ್ಸು ಹತ್ತಿ, ಕತ್ತಲಾದ ಮೇಲೆ ಮನೆಗೆ ಬರುತ್ತಾಳೆ. ಹಚ್ಚೆ ಯಾಕೆ ಕಲಿಯಲಿಲ್ಲಮ್ಮ ಎಂದು ಕೇಳಿದಾಗ ಅವಳು ಹೇಳಿದ್ದು ಇಷ್ಟು: "ಕಲೀತಿನಿ ಅಂತ ನಾನೇ ಹಟ ಹಿಡ್ದಿದ್ದೆ ಕಣಣ್ಣ. ಅಜ್ಜಿನೇ ಬ್ಯಾಡ ಅಂದ್ಲು. ಕಂಡೋರ ಬಾಗ್ಲಲ್ಲಿ ನಿಂತು ಕೂಗೋದು ನನ್ನ ಕಾಲಕ್ಕೇ ಸಾಕು, ನೀನು ಇಸ್ಕೂಲಿಗೆ ಹೋಗು ಅಂದ್ಲು. ಸೂಜಿ ಕಟ್ಟು ಒಲೆಗೆ ಹಾಕುದ್ಲು."

ಆ ಮಾತು ಕೇಳಿದ ಮೇಲೆ ನನ್ನ ದುಃಖದ ದಿಕ್ಕೇ ಬೇರೆಯಾಯಿತು. ಹುಡುಗಿಯರು ಕಲಿಯದೆ ವಿದ್ಯೆ ಹೋಯಿತು ಎಂದುಕೊಂಡಿದ್ದೆ, ಕಲಿಸುವವಳೇ ತಡೆದಿದ್ದಳು. ಮೊಮ್ಮಗಳ ಮೇಲಿನ ಪ್ರೀತಿಯಿಂದ ಅಜ್ಜಿ ತನ್ನ ಜೀವಮಾನದ ವಿದ್ಯೆಯನ್ನು ತಾನೇ ಸುಟ್ಟಳು. ಅವಳದು ಸರಿಯಾದ ನಿರ್ಧಾರ. ಮೊಮ್ಮಗಳು ಮತ್ತೆ ಬುಟ್ಟಿ ಹೊತ್ತು ಬೀದಿಗೆ ಬರಲಿ ಎಂದು ಬಯಸುವ ಹಕ್ಕು ನಮಗೆ ಯಾರಿಗೂ ಇಲ್ಲ.

ಇದೇ ಹಚ್ಚೆ ಇವತ್ತು ಟ್ಯಾಟೂ ಆಗಿ ಬೆಂಗಳೂರಿನ ಗಾಜಿನ ಕೋಣೆಗಳಲ್ಲಿ ಸಾವಿರಾರು ರೂಪಾಯಿ ಕೇಳುತ್ತದೆ. ಅಲ್ಲಿಯೂ ಕಲಿಯುವವರಿದ್ದಾರೆ, ಶ್ರದ್ಧೆಯಿಂದಲೇ ಕಲಿಯುತ್ತಾರೆ. ಕೃತಕ ಚರ್ಮದ ಮೇಲೆ ಅಭ್ಯಾಸ ಮಾಡುತ್ತಾರೆ, ಕೈಗವಸು ಹಾಕುತ್ತಾರೆ, ಸೂಜಿ ಒಂದು ಸಲ ಬಳಸಿ ಎಸೆಯುತ್ತಾರೆ. ಶುಲ್ಕ ಕಟ್ಟಿ ಪ್ರಮಾಣಪತ್ರ ಪಡೆಯುತ್ತಾರೆ. ಕೆಲಸ ಒಂದೇ, ಹಿಡಿಯುವ ಆಳ ಒಂದೇ. ಅವರನ್ನು ಕಲಾವಿದರು ಎನ್ನುತ್ತೇವೆ, ಹಚ್ಚೆ ಅಜ್ಜಿಯನ್ನು ಭಿಕ್ಷುಕಿಯರ ಸಾಲಿನಲ್ಲಿ ನಿಲ್ಲಿಸಿದ್ದೆವು.

ಇಂಥ ಕೈಗೆ ಮರ್ಯಾದೆ ಸಿಕ್ಕ ಕಡೆಯೂ ಇದೆ. ಫಿಲಿಪೀನ್ಸ್ ದೇಶದ ಕಳಿಂಗ ಪ್ರಾಂತ್ಯದಲ್ಲಿ ಬುಸ್ಕಾಲಾನ್ ಎಂಬ ಬೆಟ್ಟದ ಹಳ್ಳಿಯಿದೆ. ಅಲ್ಲಿ ವಾಂಗ್-ಓಡ್ ಎಂಬ ಅಜ್ಜಿ ಮುಳ್ಳಿನಿಂದ, ಮಸಿಯಿಂದ ಹಚ್ಚೆ ಹಾಕುತ್ತ ಬಂದವಳು. ವಂಶದವರಿಗಷ್ಟೇ ಕಲಿಸಬೇಕೆಂಬ ಕಟ್ಟಳೆ ಅವರಲ್ಲೂ ಇದೆ. ಮಕ್ಕಳಿಲ್ಲದ ಆಕೆ ತನ್ನ ಕುಟುಂಬದ ಮೊಮ್ಮಕ್ಕಳಂಥ ಹುಡುಗಿಯರನ್ನು ಪಕ್ಕ ಕೂರಿಸಿಕೊಂಡು ಕಲಿಸಿದಳು. 2023ರಲ್ಲಿ, 106ನೇ ವಯಸ್ಸಿನಲ್ಲಿ, ಆಕೆಯ ಸುಕ್ಕುಗಟ್ಟಿದ ಮುಖ ಅಲ್ಲಿನ ವೋಗ್ ಪತ್ರಿಕೆಯ ಮುಖಪುಟಕ್ಕೆ ಬಂತು. ಜನ ಬೆಟ್ಟ ಹತ್ತಿ ಆಕೆಯ ಹತ್ತಿರ ಹೋಗುತ್ತಾರೆ. ನಮ್ಮ ಅಜ್ಜಿಯರ ಕೈ ಆಕೆಯ ಕೈಗೆ ಯಾವುದರಲ್ಲೂ ಕಡಿಮೆ ಇರಲಿಲ್ಲ.

ಇನ್ನೂ ಸ್ವಲ್ಪ ಸಮಯವಿದೆ. ಈ ನಾಲ್ಕು ತಾಲ್ಲೂಕಿನ ಹೈಸ್ಕೂಲು ಮಕ್ಕಳು ತಮ್ಮ ತಮ್ಮ ಅಜ್ಜಿಯ ಕೈಯ ಫೋಟೊ ತೆಗೆದು, ಅದು ಏನು, ಯಾವ ವಯಸ್ಸಿನಲ್ಲಿ ಹಾಕಿದ್ದು, ಹಾಕಿದವರು ಯಾವ ಕಡೆಯವರು, ಏನು ಕೊಟ್ಟರು ಎಂದು ಕೇಳಿ ಬರೆದುಕೊಳ್ಳಲಿ. ಮಣ್ಣಾಗುವ ಚರ್ಮದ ಮೇಲಿನ ಬರಹ ಅದು, ಇನ್ನೆಲ್ಲೂ ಪ್ರತಿ ಇಲ್ಲ. ಆಮೇಲೆ ಕೊರಮರ ಬೀದಿಗಳಲ್ಲಿ ಇನ್ನೂ ಉಳಿದಿರುವ ಹಚ್ಚೆಯ ಅಜ್ಜಿಯರನ್ನು ಹುಡುಕಿ ಜಾನಪದ ಅಕಾಡೆಮಿಯೋ ವಿಶ್ವವಿದ್ಯಾಲಯವೋ ಕರೆಸಲಿ. ಉತ್ಸವದ ಮೆರವಣಿಗೆಯಲ್ಲಿ ನಿಲ್ಲಿಸಲು ಬೇಡ. ಮೇಷ್ಟರ ಕುರ್ಚಿಯಲ್ಲಿ ಕೂರಿಸಿ, ಮೇಷ್ಟರಿಗೆ ಕೊಡುವ ಸಂಬಳ ಕೊಟ್ಟು, ಹೊಸ ಸೂಜಿ ಇಟ್ಟು, ಕಲಿಯಲು ಬಯಸುವ ಅವರ ಮನೆಯ ಹೆಣ್ಣುಮಕ್ಕಳನ್ನೇ ಮೊದಲು ಅವರ ಪಕ್ಕ ಕೂರಿಸಲಿ. ಮರ್ಯಾದೆ ತರುವ ವಿದ್ಯೆಯಾಗಿದ್ದರೆ ಹಚ್ಚೆ ಅಜ್ಜಿ ಮೊಮ್ಮಗಳಿಗೆ ಬೇಡ ಎನ್ನುತ್ತಿರಲಿಲ್ಲ. ಆ ಮರ್ಯಾದೆ ಕೊಡಬೇಕಾಗಿದ್ದವರು ಅವಳನ್ನು ಜಗಲಿಯ ಆಚೆ ಕೂರಿಸಿದ ನಾವು. ಬಾಕಿ ಇನ್ನೂ ನಮ್ಮ ಮೇಲೇ ಇದೆ.